ಕೊಡ ಹೊತ್ತ ನಡಿಗೆ

ಜಗಳೂರು
12-3-1986

ಮಗಳು ಗಾದ್ರಮ್ಮಗೆ ಅಪ್ಪನ ಆಶೀರ್ವಾದ.

ನಡಿಗೆ ಪಂದ್ಯದಾಗೆ ಎರಡೂ ಕಾಲು ಒಟ್ಟಿಗೆ ನೆಲ ಬಿಟ್ವು ಅಂತ ನಿನ್ನ ಹೊರಗೆ ಹಾಕಿದ್ದು ನಿನ್ನ ಕಾಗದದಾಗೆ ಓದಿದೆ. ಡೆಲ್ಲೀಲಿ ನಡೆಯೋ ಆಯ್ಕೆ ಪಂದ್ಯದಾಗೂ ಹಂಗಾದ್ರೆ ಜಪಾನಿನ ಪಂದ್ಯಕ್ಕೆ ಹೋಗಾಕೆ ಆಗಲ್ಲ ಅಂತ ಹೆದರಬ್ಯಾಡ.

ನಿಮ್ಮವ್ವ, "ತಲೆ ಮೇಲೆ ತುಂಬಿದ ಕೊಡ ಇದ್ರೆ ಕಾಲು ಹೆಂಗೆ ಹಾರ್ತವ್ರೀ?" ಅಂದ್ಲು. ನಾನೂ ಒಂದು ಕೊಡ ಹೊತ್ತು ಅವಳ ಜೊತೆ ಬಿರಬಿರ ನಡೆದೆ. ಮನೆ ಮುಟ್ಟೋದ್ರಾಗೆ ನಂಗೆ ಸ್ನಾನ ಆಗಿತ್ತು, ಅವಳದು ಒಂದು ಹನಿ ತುಳುಕಿರಲಿಲ್ಲ. ನೀನೂ ಕ್ಯಾಂಪಿನಾಗೆ ಒಂದು ಕೊಡ ಇಸ್ಕಂಡು ದಿನಾ ಹಂಗೇ ನಡಿ. ಕೋಚ್ ಸಾಹೇಬ್ರು ನಕ್ರೆ, ಅವರ ತಲೆ ಮೇಲೂ ಒಂದು ಇಡು.

ಡೆಲ್ಲೀಲಿ ಗೆದ್ರೆ ಸಹಿ ಹಾಕಪ್ಪ ಅಂತ ನೀನು ಕಳಿಸಿದ್ದ ಪಾಸ್‌ಪೋರ್ಟ್ ಕಾಗದಕ್ಕೆ ಈಗ್ಲೇ ಸಹಿ ಹಾಕಿ ಇದರಾಗೆ ಇಟ್ಟೀನಿ.

ನಿಮ್ಮಪ್ಪ
ಜಂಪಣ್ಣ