ಜಮಖಾನದಷ್ಟು ಜಾಗ

ಸೆಪ್ಟೆಂಬರ್ 8, ಸೋಮವಾರ. ಬೆಳಗ್ಗೆ 6.40

ಮೂರನೇ ಸೂರ್ಯನಮಸ್ಕಾರ. ಕೈ ನೆಲಕ್ಕೆ, ಸೊಂಟ ಮೇಲೆ, ತಲೆ ಕೆಳಗೆ — ಸರಿಯಾಗಿ ಆಗಲೇ ಫೋನಿನ ಯೋಗದ ವಿಡಿಯೋದಲ್ಲಿ ಜಾಹೀರಾತು. ಬಂಗಾರದ ಮೇಲೆ ಸಾಲ ಬೇಕೇ ಅಂತ ಒಬ್ಬ ಕೂಗತೊಡಗಿದ. ಸ್ಕಿಪ್ ಒತ್ತಲು ಒಂದು ಕೈ ಎತ್ತಿದೆ. ಇನ್ನೊಂದು ಜಾರಿತು. ಈ ಜಮಖಾನ ಟೈಲ್ಸ್ ಮೇಲೆ ನಿಲ್ಲುವುದೇ ಇಲ್ಲ. ಗದ್ದ ನೆಲಕ್ಕೆ ಬಡಿಯಿತು.

ಅತ್ತೆ ಮಂಚದ ಮೇಲಿಂದ ನೋಡುತ್ತಿದ್ದರು. ಬಿದ್ದೆಯಾ ಅಂತ ಕೇಳಲಿಲ್ಲ. ಚಹಾ ಯಾವಾಗ ಅಂತ ಕೇಳಿದರು.

ಈ ಮನೆಯಲ್ಲಿ ಕೈಕಾಲು ಚಾಚಿ ಮಲಗುವಂಥ ನೆಲ ಇದೊಂದೇ. ಅತ್ತೆಯ ಮಂಚಕ್ಕೂ ಟಿವಿ ಸ್ಟ್ಯಾಂಡಿಗೂ ನಡುವೆ. ಒಳಗಿನ ರೂಮಿನಲ್ಲಿ ಸಂಜೀವ, ಡಿಪೋದ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿರುತ್ತಾನೆ. (ಎದುರಿಗೆ ‘ರೀ’. ಬರೆಯುವಾಗ ಹೆಸರೇ ಸಾಕು.) ರಾತ್ರಿಯಿಡೀ ರಿಪೇರಿಗೆಂದು ಬಸ್ಸಿನ ಅಡಿಯಲ್ಲಿ ಮಲಗಿದವನನ್ನು ಮನೆಯಲ್ಲಾದರೂ ಮಂಚದ ಮೇಲೆ ಬಿಡಬೇಕು.

ಕುತ್ತಿಗೆ ನೋವು ಹಾಗೇ ಇದೆ. ಆಫೀಸಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕಂಪ್ಯೂಟರ್. ಡಾಕ್ಟರು ಫಿಸಿಯೋಥೆರಪಿಗೆ ಹೊಸಪೇಟೆಗೆ ಹೋಗಿ ಬರಲು ಹೇಳಿದ್ದರು, ವಾರಕ್ಕೆ ಮೂರು ಸಲ. ಸುಮ್ಮನೆ ನಕ್ಕೆ. ಅವರಿಗೆ ಅರ್ಥವಾಯಿತು. ಹಿಂದೆ ಯೋಗ ಮಾಡುತ್ತಿದ್ದೆ ಅಂದಿರಲ್ಲ, ಅದನ್ನೇ ಮತ್ತೆ ಶುರು ಮಾಡಿ, ಅದಕ್ಕೆ ಖರ್ಚಿಲ್ಲ ಅಂದರು.

ಖರ್ಚಿಲ್ಲ. ಜಾಗ ಬೇಕಲ್ಲ ಸ್ವಾಮಿ.

ಸೆಪ್ಟೆಂಬರ್ 10, ಬುಧವಾರ

ಮಾಳಿಗೆ ಮೇಲೆ ಹೋದೆ. ಎಷ್ಟು ಚೆನ್ನಾಗಿತ್ತು. ತಣ್ಣನೆ ಗಾಳಿ, ದೂರದಲ್ಲಿ ರೈಲಿನ ಸದ್ದು. ಐದು ನಿಮಿಷಕ್ಕೆ ಮನೆ ಮಾಲೀಕರ ಹೆಂಡತಿ ಮೆಣಸಿನಕಾಯಿ ಹರವಲು ಬಂದರು. ನಾನು ಭುಜಂಗಾಸನದಲ್ಲಿದ್ದೆ. ನನ್ನನ್ನು ದಾಟಿಕೊಂಡು ಹೋದರು. ಇಳಿಯುವಾಗ ಹೇಳಿದರು, ಸುತ್ತ ಮಾಳಿಗೆಯ ಮೇಲೆ ಗಂಡಸರು ಹಲ್ಲುಜ್ಜುತ್ತಾ ನಿಂತಿರುತ್ತಾರೆ, ಚೆಂದ ಕಾಣಲ್ಲ ಅಂತ. ಹಲ್ಲುಜ್ಜುವವರಿಗೆ ಯಾರೂ ಏನೂ ಹೇಳುವುದಿಲ್ಲ.

ಸೆಪ್ಟೆಂಬರ್ 11

ಮಾಡಲಿಲ್ಲ. ಐದಕ್ಕೇ ನಲ್ಲಿ ನೀರು ಬಂತು. ಕೊಡ, ಬಕೆಟ್, ಡ್ರಮ್ಮು. ಅದೇ ಇವತ್ತಿನ ಆಸನ.

ಸೆಪ್ಟೆಂಬರ್ 14, ಭಾನುವಾರ

ತರಕಾರಿ ಮಾರ್ಕೆಟ್ಟಿನಲ್ಲಿ ಸುಮಲತಾ ಸಿಕ್ಕಳು! ಹಡಗಲಿ ಹೈಸ್ಕೂಲಿನ ಸುಮಾ. ಮದುವೆಯಾಗಿ ಇದೇ ಊರಿಗೆ ಬಂದಿದ್ದಾಳೆ ಅಂತ ಗೊತ್ತಿತ್ತು, ಎದುರಾಗಿರಲಿಲ್ಲ. ಗಂಡ ಪ್ರವೀಣಕುಮಾರ್‌ದು ದೊಡ್ಡ ಹಾರ್ಡ್‌ವೇರ್ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಹೆಂಗಸರಿಗೆ ಯೋಗ ಕ್ಲಾಸು ನಡೆಸುತ್ತಾಳಂತೆ.

ಪಿಟಿ ಮಾಸ್ತರು ಗುರುಬಸವರಾಜ ಸರ್ ನಮ್ಮಿಬ್ಬರನ್ನೇ ಜೋಡಿ ಆಸನಕ್ಕೆ ಬಳ್ಳಾರಿಗೆ ಕರೆದುಕೊಂಡು ಹೋಗಿದ್ದರು. ನಾನು ಚಕ್ರಾಸನದಲ್ಲಿ, ಅವಳು ನನ್ನ ಹೊಟ್ಟೆಯ ಮೇಲೆ ನಿಂತು ಕೈ ಮುಗಿಯುವುದು. ಫಸ್ಟ್ ಪ್ರೈಜ್. ಬಸ್ಸಿನಲ್ಲಿ ಒಂದೇ ಪೊಟ್ಟಣದ ಮಂಡಕ್ಕಿ ತಿನ್ನುತ್ತಾ ಬಂದಿದ್ದೆವು. ಆ ಕಾಲಕ್ಕೆ ಅವರ ಓಣಿಯ ಹುಡುಗಿ ನಮ್ಮ ಕೇರಿಯ ಹುಡುಗಿಯ ಜೊತೆ ಒಂದೇ ಪೊಟ್ಟಣಕ್ಕೆ ಕೈ ಹಾಕುವುದು ಸಣ್ಣ ಮಾತಲ್ಲ. ಸುಮಾ ಹಾಕಿದ್ದಳು.

ಕುತ್ತಿಗೆ ಸಂಗತಿ ಹೇಳಿದೆ. ಫೀಸು ಎಷ್ಟು ಅಂತ ಕೇಳಿ ತರಕಾರಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಮಗಳ ಹಾಸ್ಟೆಲ್ಲು, ಅತ್ತೆಯ ಮಾತ್ರೆ, ಕಂತು — ಅದೆಲ್ಲ ಬಾಯಿಬಿಟ್ಟು ಹೇಳಲಿಲ್ಲ. ಅವಳೇ ನನ್ನ ಕೈ ಹಿಡಿದಳು.

“ನಿನ್ನ ಹತ್ರ ಫೀಸ್ ತಗೊಂಡ್ರ ಗುರುಬಸವರಾಜ ಸರ್ ಬಂದು ನನ್ನ ಕಿವಿ ಹಿಂಡ್ತಾರ. ಬುಧವಾರದಿಂದ ಮುಂಜಾನೆ ಬಾ.”

ಸೆಪ್ಟೆಂಬರ್ 17, ಬುಧವಾರ. ರಾತ್ರಿ

ಎಂಥ ಹಾಲ್! ಮರದ ನೆಲದ ಥರದ ಶೀಟು, ಒಂದು ಗೋಡೆಗೆ ಪೂರ್ತಿ ಕನ್ನಡಿ, ಎರಡೂ ಕಡೆ ಕಿಟಕಿ. ಸುಮಾ ತನ್ನ ಹಳೆಯ ಹಸಿರು ಮ್ಯಾಟ್ ಕೊಟ್ಟಳು. ಜಾರುವುದಿಲ್ಲ! ಕೈ ಇಟ್ಟಲ್ಲಿ ಕೈ. ಅಷ್ಟಕ್ಕೇ ಕಣ್ಣು ತುಂಬಿತು, ಹುಚ್ಚಿ.

ಚಕ್ರಾಸನ ಬರಲಿಲ್ಲ. ತಲೆ ನೆಲ ಬಿಟ್ಟು ಮೇಲೇಳಲೇ ಇಲ್ಲ. ಪರವಾಗಿಲ್ಲ.

ಸೆಪ್ಟೆಂಬರ್ 23

ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಹೇಗೂ ಮೊದಲು ಬರುವವಳು ನೀನೇ, ಕೀ ನಿನ್ನ ಹತ್ತಿರವೇ ಇರಲಿ ಅಂತ ಸುಮಾ ಕೊಟ್ಟಳು. ಕಿಟಕಿ ತೆರೆದು, ಹಾಗೇ ಒಂದು ಸಲ ಕಸ ಹೊಡೆದುಬಿಡು ಅಂದಳು. ಕೆಳಗೆ ಸಿಮೆಂಟು, ಕಬ್ಬಿಣ. ದಿನಾ ಧೂಳು. ಇದೇನು ದೊಡ್ಡದು. ಮಾಡಿದೆ.

ಅಕ್ಟೋಬರ್ 6, ಸೋಮವಾರ

ಚಕ್ರಾಸನ ಬಂತು!! ತಲೆ ನೆಲ ಬಿಟ್ಟು ಮೇಲೆದ್ದಿತು. ತಲೆಕೆಳಗಾಗಿ ಕನ್ನಡಿಯಲ್ಲಿ ನನ್ನ ಮುಖ ನಾನೇ ನೋಡಿಕೊಂಡೆ. ಕುತ್ತಿಗೆ ನೋವು ಅರ್ಧಕ್ಕರ್ಧ ಕಡಿಮೆ. ಸಂಜೀವನಿಗೆ ಹೇಳಿದೆ. ನಿದ್ದೆಗಣ್ಣಲ್ಲೇ “ಭೇಷ್” ಅಂದ, ಮಗ್ಗುಲಾದ.

ಈಗ ನೆಲ ಒರೆಸುವುದೂ ನನ್ನದೇ. ಮ್ಯಾಟುಗಳನ್ನು ಹಾಸುವುದು, ಸುತ್ತಿಡುವುದು. ಬಾತ್‌ರೂಮಿಗೆ ಒಂದು ಬಕೆಟ್ ನೀರು. ಎಲ್ಲ ಮುಗಿಸುವಷ್ಟರಲ್ಲಿ ಉಳಿದವರದು ಪ್ರಾಣಾಯಾಮ ಆಗಿರುತ್ತದೆ. ನಡುವೆ ಹೋಗಿ ಸೇರಿಕೊಳ್ಳುತ್ತೇನೆ. ಇನ್ನೂ ಬೇಗ ಏಳಬೇಕು.

ಅಕ್ಟೋಬರ್ 13, ಸೋಮವಾರ

ಅತ್ತೆಗೆ ಚಹಾ ಕೊಟ್ಟೆ. ಲೋಟ ತೆಗೆದುಕೊಳ್ಳಲಿಲ್ಲ. ನನ್ನ ಕೈ ಹಿಡಿದು ಮೂಗಿನ ಹತ್ತಿರ ಒಯ್ದರು.

“ಫಿನಾಯಿಲ್ ವಾಸನಿ. ನೀ ಅಲ್ಲಿಗೆ ಯೋಗ ಮಾಡಾಕ ಹೋಗ್ತಿಯೋ, ಕಸ ಹೊಡಿಯಾಕ ಹೋಗ್ತಿಯೋ?”

ಎರಡೂ ಅಂದೆ. ಅವಳು ಫೀಸು ತೆಗೆದುಕೊಳ್ಳುವುದಿಲ್ಲವಲ್ಲ, ಗೆಳತಿ, ಅದರಲ್ಲೇನಿದೆ ಅಂದೆ.

ಅತ್ತೆ ಪಕ್ಕೀರಮ್ಮ ಅಂದರೆ ಈ ಊರಿನ ಅರ್ಧ ಜನಕ್ಕೆ ಗೊತ್ತು. ರಿಟೈರ್ ಆಗುವವರೆಗೆ ಬಸ್ ಸ್ಟ್ಯಾಂಡ್ ರಸ್ತೆ ಗುಡಿಸಿದವರು. ಆ ಪಗಾರದಲ್ಲೇ ಸಂಜೀವ ಐಟಿಐ ಓದಿದ್ದು. ಮೊಣಕಾಲು ಹೋದದ್ದೂ ಅದರಲ್ಲೇ. ಕೂಗಾಡಲಿಲ್ಲ. ತಣ್ಣಗೆ ಹೇಳಿದರು.

“ನಾ ಇಡೀ ಊರು ಹೊಡದೀನಿ. ನಾಚಿಕಿ ಪಟ್ಟಿಲ್ಲ. ಆದ್ರ ಪುಗಸಟ್ಟಿ ಒಂದು ದಿನ ಹೊಡದಿಲ್ಲ. ಬ್ಯಾರೆ ಹೆಣ್ಮಕ್ಕಳು ಯಾರರ ಅಲ್ಲಿ ಕಸಬರಗಿ ಹಿಡಿತಾರೇನು?”

ಹಿಡಿಯುವುದಿಲ್ಲ. ಹಾಗಂತ ಹೇಳಲಿಲ್ಲ. ಸುಮಾ ಅಂಥವಳಲ್ಲ, ನಿಮಗೆ ಗೊತ್ತಿಲ್ಲ ಅಂತ ರೇಗಿದೆ. ಒಂದೇ ಪೊಟ್ಟಣದ ಮಂಡಕ್ಕಿಯ ಕಥೆ ಹೇಳಿದೆ. ಅತ್ತೆ ಟಿವಿ ಹಚ್ಚಿದರು.

ಆಫೀಸಿನಲ್ಲಿ ಇಡೀ ದಿನ ತಪ್ಪು ತಪ್ಪು ಟೈಪು.

ಅಕ್ಟೋಬರ್ 16, ಗುರುವಾರ

ಹೊಸಬರೊಬ್ಬರು ಸೇರಿದರು. ಬ್ಯಾಂಕಿಗೆ ವರ್ಗವಾಗಿ ಬಂದವರ ಹೆಂಡತಿ. ನಾನು ಮೆಟ್ಟಿಲ ಬಾಗಿಲಲ್ಲಿ ಒರೆಸುತ್ತಿದ್ದೆ. ಚಪ್ಪಲಿ ಬಿಟ್ಟು, ನನ್ನನ್ನೊಮ್ಮೆ ನೋಡಿ ಕೇಳಿದರು — ಇಲ್ಲಿ ಮುಗಿದ ಮೇಲೆ ನಮ್ಮ ಮನೆಗೂ ಬರ್ತೀಯೇನಮ್ಮಾ, ಪಾತ್ರೆ ಒಂದೇ, ಬಟ್ಟೆಗೆ ಮಷೀನ್ ಇದೆ.

ಅವರ ಮೇಲೆ ಸಿಟ್ಟಿಲ್ಲ. ಕಂಡದ್ದು ಕೇಳಿದರು.

ಸುಮಾ ಅಲ್ಲೇ ಇದ್ದಳು. ಕೇಳಿಸಿತು. ನನ್ನ ಕಡೆ ನೋಡಿ ನಕ್ಕಳು — ತಮಾಷೆ ಆಯ್ತಲ್ಲ ಅನ್ನುವ ಹಾಗೆ. ಆಮೇಲೆ ಆಕೆಗೆ ಮ್ಯಾಟ್ ತೋರಿಸಿದಳು. ಇವಳು ನನ್ನ ಗೆಳತಿ, ಒಟ್ಟಿಗೆ ಕಲಿತವಳು — ಇಷ್ಟು ಅನ್ನಲು ಎಷ್ಟು ಹೊತ್ತು ಬೇಕು? ಅನ್ನಲಿಲ್ಲ.

ಚಕ್ರಾಸನ ಬರಲಿಲ್ಲ ಇವತ್ತು.

ಅಕ್ಟೋಬರ್ 17, ಶುಕ್ರವಾರ

ಕ್ಲಾಸು ಮುಗಿದು ಎಲ್ಲರೂ ಹೋಗುವವರೆಗೆ ನಿಂತೆ. ಕೀ ಮುಂದಿಟ್ಟೆ. ನಾಳೆಯಿಂದ ಕಸ ಹೊಡೆಯುವುದಿಲ್ಲ, ಎಲ್ಲರ ಜೊತೆ ಬಂದು ಎಲ್ಲರ ಜೊತೆ ಹೋಗುತ್ತೇನೆ, ಫೀಸು ಎರಡು ಕಂತಿನಲ್ಲಿ ಹೇಗೋ ಕೊಡುತ್ತೇನೆ ಅಂದೆ. ಹೇಗೆ ಅಂತ ನನಗೂ ಗೊತ್ತಿಲ್ಲ.

ಅವಳ ಮುಖ ಬಿಳಿಚಿಕೊಂಡಿತು. ನಾಟಕ ಅಲ್ಲ. ನಿಜವಾಗಿಯೂ ನೊಂದಳು. ನಾನು ಹಾಗೆಲ್ಲ ಯೋಚನೆಯೇ ಮಾಡಿಲ್ಲ ರಮಾ ಅಂದಳು. ನಂಬುತ್ತೇನೆ. ಯೋಚನೆ ಮಾಡಿಲ್ಲ, ಅದೇ.

“ನೀ ನಮ್ಮಾಕಿ ಅಂತ ಸಲಿಗಿಲೆ ಹೇಳಿದ್ನೆಲೇ. ಬ್ಯಾರೆಯವರಿಗೆ ಹೇಳಾಕ ಆಕ್ಕೈತೇನು?”

“ಇಷ್ಟು ಮಂದಿ ಬರ್ತಾರ ಸುಮಾ. ಕಸಬರಗಿ ಕೊಡಾಕ ನಾ ಒಬ್ಬಾಕೀನ ನಿಮ್ಮಾಕಿ ಆದ್ನೇನು?”

ಕಿಟಕಿಯ ಕಡೆ ತಿರುಗಿದಳು. ಊರಲ್ಲಿ ಏನೇನೋ ಹೇಳಬೇಡ, ಕ್ಲಾಸಿಗೆ ಕೆಟ್ಟ ಹೆಸರು ಬರುತ್ತದೆ ಅಂದಳು. ಅಷ್ಟು ಸಾಕಾಯಿತು. ಹಸಿರು ಮ್ಯಾಟ್ ಸುತ್ತಿ ಮೂಲೆಗೆ ನಿಲ್ಲಿಸಿ ಇಳಿದು ಬಂದೆ. ಕಂತಿನ ಮಾತು ಅಲ್ಲಿಗೇ ಮುಗಿಯಿತು.

ಸರಿಯೋ ತಪ್ಪೋ. ಅಳು ಬರಲಿಲ್ಲ. ಅಂಥ ನೆಲ ಮತ್ತೆ ಎಲ್ಲಿ ಸಿಗುತ್ತದೆ?

ನವೆಂಬರ್ 5

ಇಷ್ಟು ದಿನ ಬರೆದಿಲ್ಲ. ಮಾಡಿಯೂ ಇಲ್ಲ. ದೀಪಾವಳಿಗೆ ಹರಪನಹಳ್ಳಿ ಹಾಸ್ಟೆಲ್ಲಿನಿಂದ ಮಗಳು ಸುಜಾತಾ ಬಂದಿದ್ದಳು, ಹೋದಳು. ಕುತ್ತಿಗೆ ಮತ್ತೆ ಹಿಡಿದಿದೆ. ಎಡಗೈ ಬೆರಳು ಜುಮ್ಮೆನ್ನುತ್ತದೆ.

ಸಂಜೆ ಮನೆಗೆ ಬಂದರೆ ಅತ್ತೆಯ ಮಂಚ ಗೋಡೆಗೆ ಹೊಂದಿಕೊಂಡು ಅಡ್ಡಲಾಗಿದೆ. ಮಗನ ಕೈಲಿ ತಿರುಗಿಸಿ ಹಾಕಿಸಿದ್ದಾರೆ. ಟಿವಿ ಅವರಿಗೆ ಈಗ ಓರೆಯಾಗಿ ಕಾಣುತ್ತದೆ. ಕೇಳಿದೆ. ಫ್ಯಾನಿನ ಗಾಳಿ ಬರುತ್ತಿರಲಿಲ್ಲ ಅಂದರು. ಈ ಚಳಿಯಲ್ಲಿ ಫ್ಯಾನು!

ಜಾಗ ಮಾತ್ರ ಒಂದು ಮೊಳ ಹೆಚ್ಚಾಗಿದೆ.

ನವೆಂಬರ್ 6. ಬೆಳಗ್ಗೆ

ಶುರು. ಜಮಖಾನದ ಕೆಳಗೆ ಒದ್ದೆ ಗೋಣಿಚೀಲ ಹಾಸಿದೆ. ಜಾರುವುದಿಲ್ಲ. ಕೊಳೆತ ವಾಸನೆ. ವಿಡಿಯೋ ಬೇಡ, ನೆನಪಿದ್ದಷ್ಟು. ನಾಲ್ಕು ಸೂರ್ಯನಮಸ್ಕಾರಕ್ಕೆ ಹಾಲು ಉಕ್ಕಿತು.

ನವೆಂಬರ್ 11, ಮಂಗಳವಾರ

ನಲ್ಲಿಯ ಹತ್ತಿರ ಹುಲಿಗೆಮ್ಮ. ಹಿಂದಿನ ಸಾಲಿನ ಮನೆಯವಳು, ಗಂಡನ ಜೊತೆ ಕೊಟ್ಟೂರಿನಿಂದ ಹೋದ ವರ್ಷ ಬಂದವಳು. ಖುಷಿಯಲ್ಲಿದ್ದಳು. ಹಾರ್ಡ್‌ವೇರ್ ಅಂಗಡಿಯ ಮೇಲೆ ಬೆಳಗಿನ ಕೆಲಸ ಸಿಕ್ಕಿದೆಯಂತೆ. ತಿಂಗಳ ಪಗಾರ.

“ನೀವು ಬಿಟ್ಟ ಕೆಲಸ ಅಂತಲ್ರಿ ಅಕ್ಕಾರ. ಆ ಅಕ್ಕಾರು ಹೇಳಿದ್ರು, ಮೊದ್ಲು ರಮಾ ಮಾಡ್ತಿದ್ಲು ಅಂತ. ನಿಮ್ಮಿಂದ ನನಗ ಪುಣ್ಯ ಆತು ನೋಡ್ರಿ.”

ನಾನು ಬಿಟ್ಟ ಕೆಲಸ!

ಕೊಡ ತುಂಬಿ ಹರಿಯುತ್ತಿತ್ತು. ಏನನ್ನಲಿ ಇವಳಿಗೆ. ಒಳ್ಳೇದಾಯ್ತು ಅಂದೆ. ಮನೆಗೆ ಬಂದು ಕೊಡ ಕುಕ್ಕಿದ ರಭಸಕ್ಕೆ ಸಂಜೀವ ಎದ್ದು ಬಂದ. ಎಲ್ಲ ಕೇಳಿ, ಬಿಟ್ಟುಬಿಡು, ಅವರ ಹಣೆಬರಹ ಅಂದ. ಅತ್ತೆ ಮಾತ್ರ ಬೇರೆ ರೀತಿ. ಹುಲಿಗೆಮ್ಮ ಪಗಾರ ತೆಗೆದುಕೊಂಡು ಕಸ ಹೊಡೆಯುತ್ತಾಳೆ, ಅದರಲ್ಲಿ ತಪ್ಪೇನು, ನಿನ್ನ ಸಿಟ್ಟನ್ನು ಅವಳ ಮೇಲೆ ಯಾಕೆ ಹಾಕುತ್ತೀ ಅಂದರು.

ಹಾಕಿಲ್ಲ. ಎಲ್ಲಿ ಹಾಕಬೇಕು ಅಂತಲೇ ಗೊತ್ತಾಗುತ್ತಿಲ್ಲ. ಸುಮಾಗೆ ಮೆಸೇಜ್ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ‘ನಾನು ನಿನ್ನ ಹತ್ತಿರ ಕೆಲಸಕ್ಕೆ ಇರಲಿಲ್ಲ.’ ಕಳಿಸಿದೆ.

ನವೆಂಬರ್ 12

ಮೆಸೇಜಿಗೆ ನೀಲಿ ಗೆರೆ ಬಂದಿದೆ, ಓದಿದ್ದಾಳೆ. ಉತ್ತರ ಇಲ್ಲ.

ನವೆಂಬರ್ 20, ಗುರುವಾರ

ಇವತ್ತಿಗೂ ಇಲ್ಲ. ಇನ್ನು ನೋಡುವುದಿಲ್ಲ ಅಂತ ದಿನಾ ಅಂದುಕೊಳ್ಳುತ್ತೇನೆ, ದಿನಾ ನೋಡುತ್ತೇನೆ.

ಅಭ್ಯಾಸ ಬಿಟ್ಟಿಲ್ಲ, ಅಷ್ಟು ಬರೆದಿಡಬೇಕು. ಹೆಚ್ಚಿಲ್ಲ, ಕುಕ್ಕರ್ ಇಡುವ ಮುಂಚೆ. ಬೆರಳಿನ ಜುಮ್ಮು ಇಳಿದಿದೆ. ಚಕ್ರಾಸನಕ್ಕೆ ಇನ್ನೂ ಧೈರ್ಯ ಇಲ್ಲ, ಸ್ಟ್ಯಾಂಡಿಗೆ ಕಾಲು ಬಡಿದರೆ ಟಿವಿ ಹೋಯಿತು.

ಸಂಜೆ ಹುಲಿಗೆಮ್ಮ ಬಾಗಿಲಿಗೆ ಬಂದಳು. ಸೊಂಟ ಹಿಡಿದುಕೊಂಡು. ಬಗ್ಗಿ ಒರೆಸಿ ಒರೆಸಿ ಎದ್ದು ನಿಲ್ಲಲಾಗುತ್ತಿಲ್ಲವಂತೆ. ಕ್ಲಾಸಿನವರು ಮಾಡುವುದನ್ನು ಕನ್ನಡಿಯಲ್ಲಿ ನೋಡಿದ್ದಾಳೆ. ಅದರಿಂದ ಸೊಂಟ ನೋವು ಹೋಗುತ್ತದೇನ್ರಿ ಅಂತ ಕೇಳಿದಳು. ಅಲ್ಲೇ ಕೇಳಬೇಕಿತ್ತು ಅಂದೆ. ನಕ್ಕಳು. ಅಲ್ಲಿ ಹೆಂಗ್ರಿ ಅಂದಳು.

ಒಳಗಿನಿಂದ ಅತ್ತೆ, “ಬೆಳಿಗ್ಗೆ ಬಾರವ್ವ, ಈಕಿ ಹೇಳಿಕೊಡ್ತಾಳ” ಅಂದುಬಿಟ್ಟರು. ನನ್ನನ್ನು ಕೇಳಲೇ ಇಲ್ಲ. ಇರುವುದೇ ಒಂದು ಜಮಖಾನ!

ನವೆಂಬರ್ 24, ಸೋಮವಾರ. ಬೆಳಗ್ಗೆ 7.20

ಹುಲಿಗೆಮ್ಮ ಬಂದಳು. ಅಲ್ಲಿಯ ಕೆಲಸ ಮುಗಿಸಿ ನೇರ ಇಲ್ಲಿಗೆ. ನಾನು ಆಗಷ್ಟೇ ಹಾಸಿದ್ದೆ. ಮೊದಲು ನೀನು ಅಂದೆ, ಬೇರೇನು ಮಾಡಲಿ. ಎರಡೇ ಎರಡು ಹೇಳಿಕೊಟ್ಟೆ, ಬೆನ್ನಿಗೆ ಬೇಕಾದಷ್ಟು. ಸೀರೆ ಸುತ್ತಿಕೊಂಡು ಮಾಡಿದಳು. ಉಸಿರು ಬಿಡು ಅಂದರೆ ಹಿಡಿಯುತ್ತಾಳೆ. ಅತ್ತೆ ಓರೆ ಕೂತು, ಮೊಣಕೈ ಮಡಿಸಬೇಡ, ಮೇಲೆ ನೋಡು ಅಂತ ನನ್ನದೇ ಮಾತುಗಳನ್ನು ನನಗಿಂತ ಜೋರಾಗಿ ಹೇಳಿದರು. ಇಷ್ಟು ದಿನ ಟಿವಿ ನೋಡುತ್ತಿದ್ದಾರೆ ಅಂದುಕೊಂಡಿದ್ದೆ.

ಕೊನೆಗೆ ಶವಾಸನ. ಕಣ್ಣು ಮುಚ್ಚು, ಮೈ ಬಿಡು, ಏನೂ ಮಾಡಬೇಡ ಅಂದೆ. ಏನೂ ಮಾಡಬಾರದೇನ್ರಿ ಅಂತ ಎರಡು ಸಲ ಕೇಳಿದಳು. ಹೌದು ಅಂದೆ.

ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿದೆ. ಸಣ್ಣಗೆ ಗೊರಕೆ.

ನನಗೆ ಉಳಿದದ್ದು ಇಷ್ಟೇ ಹೊತ್ತು. ಅದರಲ್ಲಿ ಇವಳು ಉದ್ದಕ್ಕೆ ಮಲಗಿದ್ದಾಳೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಲು ಚಾಚಲೂ ಜಾಗವಿಲ್ಲ. ಕುಕ್ಕರ್ ಇಡಬೇಕು, ಸದ್ದಾಗುತ್ತದೆ. ಎಬ್ಬಿಸಲು ಹೋದೆ. ಅತ್ತೆ ಕೈ ಅಡ್ಡ ಹಿಡಿದರು.

ಎಂಟಕ್ಕೆ ಎಬ್ಬಿಸುತ್ತೇನೆ. ಇಲ್ಲ, ಏಳೂ ಮುಕ್ಕಾಲಿಗೆ. ಅಷ್ಟರೊಳಗೆ ತಾನೇ ಎದ್ದರೆ ನಾನೂ ಒಂದೆರಡು ಸೂರ್ಯನಮಸ್ಕಾರ ಹಾಕಿಕೊಳ್ಳುತ್ತೇನೆ.