ನಲವತ್ತೆರಡನೆಯ ಪುಟ

ತಿಪ್ಪಸಂದ್ರ,
೧೪-೯-೨೦೦೬

ಚಿರಂಜೀವಿ ಅಶ್ವಥ್‌ಗೆ ನಿನ್ನ ಅಪ್ಪನ ಆಶೀರ್ವಾದ.

ಹೊಸೂರಿನ ನೀರು ಒಗ್ಗಿತೇ? ಹೊಟ್ಟೆನೋವು ಮತ್ತೆ ಬಂದಿಲ್ಲ ತಾನೇ? ನಿನ್ನ ತಂಗಿ ನವ್ಯಶ್ರೀ ನಿನಗೆ ಕದ್ದು ಫೋನ್ ಮಾಡುವುದು ನನಗೆ ಗೊತ್ತು. ಎರಡು ವರ್ಷದಿಂದ ಗೊತ್ತಿಲ್ಲದವನ ಹಾಗೆ ಇದ್ದೇನೆ. ನಿನ್ನ ಅಮ್ಮ ಚೆನ್ನಾಗಿದ್ದಾಳೆ, ನನ್ನ ಜೊತೆ ಮಾತು ಮಾತ್ರ ಕಡಿಮೆ.

ಬಾವಿ ಹೊಲಕ್ಕೆ ನೋಟಿಸು ಬಂದಿದೆ. ದಾಖಲೆ ಇಲ್ಲದ ಸರ್ಕಾರಿ ಜಾಗವಂತೆ, ಕಾರ್ಖಾನೆಗೆ ಬೇಕಂತೆ. ಆ ಹೊಲ ನಿನ್ನ ತಾತನಿಗೆ ಮಂಜೂರಾದದ್ದು ಹಳೆಯ ರಿಜಿಸ್ಟರಿನ ನಲವತ್ತೆರಡನೆಯ ಪುಟದಲ್ಲಿತ್ತು. ಆ ಪುಟವೇ ಹರಿದುಹೋಗಿದೆ ಎಂದು ಗೊತ್ತಾದದ್ದು ನೀನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ದಿನಗೂಲಿಗೆ ಇದ್ದಾಗ. ಯಾವನೋ ಜಮೀನು ಬ್ರೋಕರ್‌ಗೆ ನೀನೇ ಹರಿದುಕೊಟ್ಟಿದ್ದೀಯ ಎಂದು ನಾನು ಅಂದೆ. ಕರ್ಪೂರ ಆರಿಸಿ ಆಣೆ ಮಾಡು ಅಂದೆ. “ನನ್ ಮಾತು ಸಾಲ್ದಾ ಅಪ್ಪಾ?” ಅಂದವನು ಆಣೆ ಮಾಡದೆ ಎದ್ದು ಹೋದೆ. ತಪ್ಪಿಲ್ಲದವನು ಆಣೆಗೆ ಹೆದರುತ್ತಾನೆಯೇ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಬೆಂಗಳೂರಿನ ಪತ್ರಾಗಾರದಲ್ಲಿ ಆ ರಿಜಿಸ್ಟರಿನ ಮೈಕ್ರೋಫಿಲ್ಮ್ ಇದೆ ಎಂದು ವಕೀಲರು ಹೇಳಿದರು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಒಂದೊಂದು ಪುಟವನ್ನೂ ಫೋಟೋ ಹಿಡಿದು ಸುರುಳಿ ಸುತ್ತಿಟ್ಟಿದ್ದಾರಂತೆ. ಪುಟ ಅದರಲ್ಲಿದ್ದರೆ ಹೊಲ ಉಳಿಯುತ್ತದೆ. ನವ್ಯಶ್ರೀ ಜೊತೆ ಬಸ್ಸು ಹತ್ತಿದೆ. ಮಾಗಡಿ ದಾಟಿದ ಮೇಲೆ ಅವಳು ಕೇಳಿದಳು: “ಪುಟ ಇದ್ರೆ ಆಮ್ಯಾಕೆ ಯಾರೋ ಹರ್ದವ್ರೆ ಅಂತಾಯ್ತದೆ, ಅಣ್ಣನ್ ಮೇಲೇ ಬತ್ತದೆ. ಇಲ್ದಿದ್ರೆ ಹೊಲ ಹೋಯ್ತದೆ. ನಿಂಗ್ಯಾವ್ದು ಬೇಕಪ್ಪಾ?” ಬಾಯಿ ಮುಚ್ಚು ಎಂದು ಗದರಿದೆ.

ಟೀವಿಯಂಥ ಯಂತ್ರ ಅದು. ಕಪ್ಪು ಪರದೆ, ಬಿಳಿ ಅಕ್ಷರ. ಅಲ್ಲಿಯ ನೌಕರರು ತಾಜ್ ಪಾಷಾ ಎಂಬುವರು ಹಿಡಿ ತಿರುಗಿಸುತ್ತಾ ಹೋದರು. ಮೂವತ್ತೆಂಟನೆಯ ಪುಟಕ್ಕೆ ಒಸಿ ನಿಲ್ಲಿಸಿ ಅಂದೆ. ನೀರು ಕುಡಿದು ಬರುತ್ತೇನೆ ಎಂದು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ. ನವ್ಯಶ್ರೀ ಬಂದು ಕೈಹಿಡಿದು ಕರೆದುಕೊಂಡು ಹೋದಳು. ನಲವತ್ತೊಂದು ಬಂತು. ಕಣ್ಣು ಮುಚ್ಚಿಕೊಂಡೆ. ಆ ಗಳಿಗೆಯಲ್ಲಿ ನಾನು ಹೊಲ ಬೇಡಲಿಲ್ಲ ಕಣಪ್ಪಾ.

ಹೊತ್ತಿಗೆ ಸರಿಯಾಗಿ ಉಣ್ಣು. ರಾತ್ರಿ ಪಾಳಿ ಇದ್ದರೆ ಸ್ವೆಟರ್ ಹಾಕಿಕೋ.

ನಿನ್ನ ಅಪ್ಪ,
ಬೋರಲಿಂಗಯ್ಯ

ಮರೆತೆ: ನಲವತ್ತೊಂದಾದ ಮೇಲೆ ಬಂದದ್ದು ನಲವತ್ತಮೂರು. ನಡುವೆ ಬೆರಳಗಲ ಹರಿದ ಅಂಚು, ಅಷ್ಟೇ. ಫೋಟೋ ಹಿಡಿದಾಗಲೇ, ನೀನು ಹುಟ್ಟುವ ಎರಡು ವರ್ಷ ಮುಂಚೆಯೇ, ಹರಿದಿತ್ತು. ಸಿಗಲಿಲ್ಲವಲ್ಲ ಯಜಮಾನರೇ ಎಂದು ಪಾಷಾ ಮರುಗಿದರು. ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಹೊಲ ಹೋದರೆ ಹೋಗಲಿ. ಆ ಅಂಚಿನ ನಕಲು ತೆಗೆಸಿ ತಂದು, ನಿನ್ನನ್ನು ಕಳ್ಳ ಅಂದ ಮನೆಮನೆಗೂ ಹೋಗಿ ತೋರಿಸಿದ್ದೇನೆ. ಭಾನುವಾರ ಬಾ. ಕರ್ಪೂರ ತಂದಿಟ್ಟಿದ್ದೇನೆ. ಇನ್ನು ನಿನ್ನ ಮಾತಿಗೆ ಆಣೆ ಕೇಳುವುದಿಲ್ಲ ಎಂದು ಊರವರ ಎದುರು ಅದನ್ನು ಆರಿಸುವವನು ನಾನು.