ಬಾಯಲ್ಲಿ ಗುಂಡುಸೂಜಿ

ಅಕ್ಕಾ,

ನೀನು ಹೋಗಿ ಮೂರು ವರ್ಷವಾಯಿತು. ನೀನಿದನ್ನು ಓದಲಾರೆ, ಆದರೂ ನಿನಗೇ ಹೇಳಬೇಕು.

ಇವತ್ತು ಹೊಲಿಯುತ್ತಾ ತಲೆಯೆತ್ತಿದರೆ, ಮೊಮ್ಮಗಳು ಗೊಂಬೆಯ ಅಂಗಿ ಹಿಡಿದು, ಥೇಟ್ ನನ್ನಂತೆ ತುಟಿಗಳ ನಡುವೆ ಮೂರು ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಳು. ನುಂಗಿಬಿಟ್ಟರೆ ಗತಿಯೇನು! "ಉಗಿಯೇ ಪುಟ್ಟಿ" ಎನ್ನಲು ಹೋದರೆ ನನ್ನ ಬಾಯಲ್ಲೂ ಸೂಜಿ! ಮೊದಲು ನಾನು ಉಗಿದೆ. ನೋಡಿ ಅವಳೂ ಉಗಿದಳು.

"ಯಾಕಜ್ಜಿ? ಟೈಲರ್ ಅಂದ್ರೆ ಹಿಂಗೇ ಅಲ್ವಾ?"

"ನಿನ್ನಜ್ಜಿಗೆ ಬುದ್ಧಿ ಇಲ್ಲ ಕಣೇ" ಎಂದು ಸೂಜಿಗಳನ್ನು ನನ್ನ ರವಿಕೆಯ ತೋಳಿಗೆ ಚುಚ್ಚಿಕೊಂಡೆ. ಆಗ ಹೊಳೆಯಿತು.

ಚಿಕ್ಕವಳಿದ್ದಾಗ ನಾನೂ ಹೊಲಿಯುವಾಗ ನಿನ್ನ ಬಾಯಲ್ಲಿರುತ್ತಿದ್ದ ಸೂಜಿ ನೋಡಿ ಹೀಗೇ ಮಾಡಿ, ನಿನ್ನಿಂದ ಕೆನ್ನೆಗೆ ಏಟು ತಿಂದಿದ್ದೆ. ಆ ಏಟನ್ನು ಊರೆಲ್ಲ ಹೇಳಿಕೊಂಡು ತಿರುಗಿದೆ. ಅವತ್ತಿನಿಂದ ಕೊನೆಯವರೆಗೂ ನೀನು ಸೂಜಿಗಳನ್ನು ತೋಳಿಗೇ ಚುಚ್ಚಿಕೊಂಡದ್ದು ಯಾಕೆಂದು ಒಮ್ಮೆಯೂ ಕೇಳಲಿಲ್ಲ.